ಬಲಿಪೀಠದ ಬಳಿ ಬಿಟ್ಟ ಕಾಣಿಕೆ

ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ಮೊಣಕಾಲೂರಿ ಪ್ರಾರ್ಥಿಸಿದವನು ಸೋಮವಾರ ಮನೆಗೆಲಸದವಳ ಸಂಬಳದಲ್ಲಿ ಎರಡು ದಿನದ್ದನ್ನು ಮುರಿದುಕೊಂಡರೆ ಅವನ ಪ್ರಾರ್ಥನೆಯ ಬೆಲೆ ಏನು? ದಿನವೂ ಸಂಧ್ಯಾವಂದನೆ ಮಾಡುವವನನ್ನು ಕುರಿತೂ, ಹೊತ್ತು ತಪ್ಪದೆ ನಮಾಜು ಮಾಡುವವನನ್ನು ಕುರಿತೂ ಇದೇ ಪ್ರಶ್ನೆಯನ್ನು ಕೇಳಬಹುದು; ನಮ್ಮ ವಚನಕಾರರೂ ದಾಸರೂ ಕೇಳಿಯೇ ಇದ್ದಾರೆ. ಉತ್ತರವೂ ನಮ್ಮಲ್ಲಿ ಸಿದ್ಧವಾಗಿದೆ: ಅವನು ಡಾಂಭಿಕ. ಅಷ್ಟು ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಡಾಂಭಿಕನೆಂಬ ಮಾತು ತನ್ನೊಳಗೆ ಒಂದು ತೀರ್ಮಾನವನ್ನು ಬಚ್ಚಿಟ್ಟುಕೊಂಡಿದೆ. ಪೂಜೆ ಒಂದು, ನಡತೆ ಇನ್ನೊಂದು. ಇವನಲ್ಲಿ ಅವೆರಡೂ ಹೊಂದಿಕೊಂಡಿಲ್ಲ ಎಂಬುದು ಆ ತೀರ್ಮಾನ. ಪೂಜೆಯೇನೋ ಸರಿಯಾಗಿಯೇ ಆಗಿದೆ, ನಡತೆ ಮಾತ್ರ ಕೆಟ್ಟಿದೆ ಎಂದು ಒಪ್ಪಿಕೊಂಡಂತಾಯಿತು.

ಕ್ರೈಸ್ತರ ಧರ್ಮಗ್ರಂಥ ಹೀಗೆ ಒಪ್ಪಿಕೊಳ್ಳುವುದಿಲ್ಲ. ನಾನು ಕ್ರೈಸ್ತನಲ್ಲ, ಕನ್ನಡ ಬೈಬಲ್ಲನ್ನು ಮೊದಲು ಕೈಗೆತ್ತಿಕೊಂಡದ್ದು ಅದರ ಗದ್ಯಕ್ಕಾಗಿ. ಮಿಷನರಿಗಳ ಕೈಯಲ್ಲಿ ನಮ್ಮ ವಾಕ್ಯ ಹೇಗೆ ಬಾಗಿತು, ಎಲ್ಲಿ ಮುರಿಯಿತು ಎಂದು ನೋಡಲು ಹೊರಟವನಿಗೆ ನಡುನಡುವೆ ಭಾಷೆಯ ವಿಷಯವೇ ಮರೆಯುವಂತಾಗುತ್ತಿತ್ತು. ಹಾಗೆ ಮರೆಸಿದ ಸ್ಥಳಗಳಲ್ಲಿ ಯಾಕೋಬನ ಪತ್ರವೂ ಒಂದು. ಐದೇ ಅಧ್ಯಾಯಗಳ ಸಣ್ಣ ಪತ್ರ. ಮೊದಲ ಅಧ್ಯಾಯದ ಕೊನೆಯಲ್ಲಿ ಆತ, ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಅವರ ಕಷ್ಟದಲ್ಲಿ ಹೋಗಿ ನೋಡಿಕೊಳ್ಳುವುದನ್ನು ದೇವರ ಕಣ್ಣಿಗೆ ಶುದ್ಧವಾದದ್ದರ ಲಕ್ಷಣವಾಗಿ ಎಣಿಸುತ್ತಾನೆ. ಅಲ್ಲಿ ಬಳಸಿದ ಗ್ರೀಕ್ ಶಬ್ದ ಥ್ರೆಸ್ಕೇಯ. ಅದಕ್ಕೆ ಅಂತರಂಗದ ಭಕ್ತಿ ಎಂಬುದಕ್ಕಿಂತ ವಿಧಿಪೂರ್ವಕವಾದ, ಹೊರಗೆ ಕಾಣುವ ಪೂಜೆ ಎಂಬ ಅರ್ಥವೇ ಹತ್ತಿರ. ಒಳ್ಳೆಯ ಪೂಜೆಯಿಂದ ಒಳ್ಳೆಯ ನಡತೆ ಹುಟ್ಟುತ್ತದೆ ಎಂದು ಆತ ಹೇಳಿದ್ದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ವಿಧವೆಯ ಮನೆಯ ಬಾಗಿಲಿಗೆ ಹೋಗುವುದೇ ವಿಧಿ, ಅದೇ ಆರಾಧನೆ ಎಂದು ಹೇಳಿದ್ದರಿಂದ ಮಾತು ತೊಡಕಾಯಿತು.

ಶಬ್ದಗಳ ಮಾತು ಬಂದದ್ದರಿಂದ ಇನ್ನೆರಡನ್ನು ಸೇರಿಸಿಬಿಡುತ್ತೇನೆ. ಭಾಷೆಯ ಮೇಷ್ಟರಿಗೆ ಇಷ್ಟು ಸಲಿಗೆಯನ್ನು ವಾಚಕರು ಕೊಡಬೇಕು. ಹೀಬ್ರೂ ಭಾಷೆಯಲ್ಲಿ ಅವೋದಾ ಎಂದರೆ ಕೆಲಸ. ಹೊಲದ ದುಡಿಮೆಯೂ ಅವೋದಾ, ಈಜಿಪ್ಟಿನಲ್ಲಿ ಇಸ್ರಾಯೇಲರು ಮಾಡಿದ ಬಿಟ್ಟಿ ಚಾಕರಿಯೂ ಅವೋದಾ, ದೇವಾಲಯದ ಪೂಜೆಯೂ ಅವೋದಾ. ಇಗರ್ಜಿಯ ಪೂಜಾವಿಧಿಗೆ ಇಂದು ಸಲ್ಲುವ ಲಿಟರ್ಜಿ ಎಂಬ ಮಾತಿನ ಮೂಲ ಗ್ರೀಕಿನಲ್ಲಿದೆ. ಅಥೆನ್ಸಿನ ಶ್ರೀಮಂತನು ತನ್ನ ಖರ್ಚಿನಲ್ಲಿ ಊರಿಗಾಗಿ ಹಡಗನ್ನು ಸಜ್ಜುಗೊಳಿಸುವುದಕ್ಕೂ ನಾಟಕದ ಮೇಳವನ್ನು ನಡೆಸುವುದಕ್ಕೂ ಅದೇ ಹೆಸರು. ದೂರ ಏಕೆ, ನಮ್ಮ ಸೇವೆ ಎಂಬ ಮಾತನ್ನೇ ನೋಡಿ. ದೇವಸ್ಥಾನದ ಕಚೇರಿಯಲ್ಲಿ ಹಣ ಕಟ್ಟಿ ರಸೀದಿ ಪಡೆಯುವುದೂ ಸೇವೆ. ಹಾಸಿಗೆ ಹಿಡಿದ ತಾಯಿಯ ಮಲಮೂತ್ರ ಬಳಿಯುವುದೂ ಸೇವೆ. ಮೊದಲನೆಯದಕ್ಕೆ ಮಾತ್ರ ರಸೀದಿಯುಂಟು.

ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶದಲ್ಲಿ ಈ ವಿಷಯವನ್ನು ಮುಟ್ಟುವ ಒಂದು ಚಿಕ್ಕ ಸಂದರ್ಭವುಂಟು. ಒಬ್ಬನು ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಿದ್ದಾನೆ. ಆಗ ಅವನಿಗೆ ನೆನಪಾಗುತ್ತದೆ: ತನ್ನ ಮೇಲೆ ಸೋದರನಿಗೆ ಏನೋ ಅಸಮಾಧಾನವಿದೆ. ಹಾಗಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗಿ, ಆಮೇಲೆ ಬಂದು ಅರ್ಪಿಸಬೇಕು. ಕೇಳಲು ಸುಲಭವಾಗಿದೆ. ಆದರೆ ಇದನ್ನು ಕೇಳುತ್ತಿದ್ದವರು ಗಲಿಲಾಯದ ಬೆಸ್ತರು, ಒಕ್ಕಲಿಗರು. ಯೆಹೂದ್ಯರಿಗೆ ಬಲಿಪೀಠವಿದ್ದದ್ದು ಜೆರೂಸಲೇಮಿನಲ್ಲಿ ಒಂದೇ. ಗಲಿಲಾಯದಿಂದ ಅಲ್ಲಿಗೆ ಕಾಲ್ನಡಿಗೆಯಲ್ಲಿ ಮೂರು ನಾಲ್ಕು ದಿನದ ದಾರಿ. ಅಂದರೆ ಕಾಣಿಕೆ ಬಿಟ್ಟು ಊರಿಗೆ ಹೋಗಿ ಜಗಳ ತೀರಿಸಿಕೊಂಡು ಮತ್ತೆ ಬರುವುದಕ್ಕೆ ಒಂದು ವಾರವಾದರೂ ಬೇಕು. ಕಾಣಿಕೆ ಕುರಿಯೋ ಪಾರಿವಾಳವೋ ಆಗಿದ್ದರೆ ಅಷ್ಟು ದಿನ ಅದಕ್ಕೆ ಮೇವು ಹಾಕುವವರು ಯಾರೋ! ಅರ್ಚಕನು ಏನೆನ್ನುತ್ತಿದ್ದನೋ! ನನಗೆ ಇದರಲ್ಲಿ ಸ್ವಲ್ಪ ವಿನೋದವೂ ಕಾಣುತ್ತದೆ. ಗುರುವಿನ ತುಟಿಯ ಅಂಚಿನಲ್ಲಿ ಆಗ ಒಂದು ನಗೆ ಇದ್ದಿರಬಹುದು.

ಇನ್ನೊಂದು ಅಂಶವನ್ನು ಗಮನಿಸಬೇಕು. ನಿನಗೆ ಸೋದರನ ಮೇಲೆ ಸಿಟ್ಟಿದ್ದರೆ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಅವನಿಗೆ ನಿನ್ನ ಮೇಲೆ ದೂರಿದ್ದರೆ ಎಂಬುದು. ನಮ್ಮ ಸಿಟ್ಟು ನಮಗೆ ಮರೆಯುವುದಿಲ್ಲ, ಬಲಿಪೀಠದವರೆಗೂ ಅದು ಜೊತೆಗೇ ಬರುತ್ತದೆ. ಬೇರೆಯವರು ನಮ್ಮಿಂದ ಪಟ್ಟ ನೋವಾದರೋ ನಮ್ಮ ಮನಸ್ಸಿನಿಂದ ಬಲು ಬೇಗ ಜಾರಿಹೋಗುತ್ತದೆ. ಅದನ್ನು ನೆನಪಿಗೆ ತರಲು ಯಾವುದಾದರೊಂದು ನಿಶ್ಶಬ್ದವಾದ ಸ್ಥಳ ಬೇಕಾಗುತ್ತದೆ. ಕಥೆಯಲ್ಲಿ ಆ ಸ್ಥಳ ಬಲಿಪೀಠವೇ ಆಗಿದೆ. ಪೂಜೆ ನಿಂತುಹೋಯಿತು, ಆದರೆ ನಿಲ್ಲಿಸಿದ್ದು ಪೂಜೆಯೇ. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಯೇಸುವಿಗೆ ಸುಮಾರು ಏಳುನೂರೈವತ್ತು ವರ್ಷ ಹಿಂದೆ ತೆಕೋವದ ಕುರಿಗಾಹಿ ಆಮೋಸನು ಹಬ್ಬ, ಹಾಡು, ಬಲಿ ಎಲ್ಲವೂ ದೇವರಿಗೆ ಹೇಸಿಗೆಯಾಗಿವೆ ಎಂದು ಗುಡುಗಿದ್ದ. ಆದರೆ ಅವನ ಗುಡುಗಿಗಿಂತ ಅವನು ವರ್ತಕರನ್ನು ಕುರಿತು ಹೇಳಿದ ಒಂದು ಸೂಕ್ಷ್ಮ ನನಗೆ ಹೆಚ್ಚು ಹಿಡಿಸುತ್ತದೆ. ಅವರು ಸಬ್ಬತ್ತಿನ ದಿನ ಅಂಗಡಿ ಮುಚ್ಚಿ ಕುಳಿತಿದ್ದಾರೆ, ನಿಯಮ ತಪ್ಪಿಲ್ಲ. ಆದರೆ ಒಳಗೊಳಗೇ, ಇದೊಂದು ಯಾವಾಗ ಮುಗಿದೀತು, ಯಾವಾಗ ಕೊಳಗವನ್ನು ಕಿರಿದುಮಾಡಿ ತೂಕದ ಕಲ್ಲನ್ನು ಹಿರಿದುಮಾಡಿ ಧಾನ್ಯ ಮಾರಿಯೇವು ಎಂದು ಕಾಯುತ್ತಿದ್ದಾರೆ. ಕೊಳ್ಳಲು ಬರುವ ಬಡವನ ಚೀಲ ಅವರ ಪ್ರಾರ್ಥನೆಯ ನಡುವೆಯೇ ಅವರ ಕಣ್ಣಿಗೆ ಕಟ್ಟುತ್ತಿದೆ. ಅವರು ಆರಾಧಿಸುತ್ತಿದ್ದದ್ದು ಏನನ್ನು ಎಂದು ಪ್ರವಾದಿ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಯಾಕೋಬನ ಪತ್ರದ ಎರಡನೆಯ ಅಧ್ಯಾಯಕ್ಕೆ ಬಂದರೆ ಅನ್ಯಾಯ ಅಂಗಡಿಯಿಂದ ಪ್ರಾರ್ಥನಾಮಂದಿರದೊಳಕ್ಕೇ ಬಂದಿರುತ್ತದೆ. ಸಭೆ ಸೇರಿದೆ. ಬೆರಳಿಗೆ ಚಿನ್ನದುಂಗುರ ಹಾಕಿಕೊಂಡ ಒಬ್ಬನೂ, ಕೊಳೆಬಟ್ಟೆಯ ಒಬ್ಬನೂ ಒಳಗೆ ಬರುತ್ತಾರೆ. ಉಂಗುರದವನಿಗೆ ಒಳ್ಳೆಯ ಆಸನ. ಕೊಳೆಬಟ್ಟೆಯವನಿಗೆ ನಿಲ್ಲಲು ಒಂದು ಮೂಲೆ, ಇಲ್ಲವೆ ಕಾಲ್ಮಣೆಯ ಪಕ್ಕದ ನೆಲ. ಪೂಜೆ ಇನ್ನೂ ಆರಂಭವಾಗಿಲ್ಲ, ಆಗಲೇ ಕೆಟ್ಟುಹೋಗಿದೆ. ಕೆಡಿಸಿದವನು ದುಷ್ಟನೂ ಅಲ್ಲ. ಬಂದವರನ್ನು ಕೂರಿಸುವ ಕೆಲಸಕ್ಕೆ ನಿಂತ ಸಭ್ಯ ಗೃಹಸ್ಥ. ನಮ್ಮ ಮದುವೆಮನೆಗಳ ಬಾಗಿಲಲ್ಲಿ ಗಂಧ, ಪನ್ನೀರು ಹಿಡಿದು ನಿಂತು, ಬರುವವರ ಕಾರನ್ನು ನೋಡಿ ನಗೆಯ ಅಳತೆಯನ್ನು ನಿರ್ಧರಿಸುವವರು ನೆನಪಾದರೆ ತಪ್ಪಿಲ್ಲ.

ಆಸನದ ಈ ಪ್ರಶ್ನೆ ಭಾರತಕ್ಕೆ ಬಂದಾಗ ಉಂಗುರದ ಜಾಗದಲ್ಲಿ ಜಾತಿ ನಿಂತಿತು. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಎಂಬ ಊರಿನಲ್ಲಿ 1870ರ ದಶಕದಲ್ಲಿ ಕಟ್ಟಿದ ಇಗರ್ಜಿಗೆ ಎರಡು ಕವಲುಗಳಿದ್ದವು. ಒಂದರಲ್ಲಿ ವೆಳ್ಳಾಳರು ಮೊದಲಾದವರು, ಇನ್ನೊಂದರಲ್ಲಿ ನಾಡಾರರು ಮೊದಲಾದವರು. ಎರಡು ಕವಲುಗಳೂ ಬಲಿಪೀಠದ ಬಳಿ ಕೂಡುತ್ತಿದ್ದವು. ಎರಡೂ ಕಡೆಯವರಿಗೆ ಪಾದ್ರಿ ಕಾಣಬೇಕು, ಒಬ್ಬರಿಗೊಬ್ಬರು ಕಾಣಬಾರದು. ಮುಂದಿನ ಶತಮಾನದ ಆರಂಭದಲ್ಲಿ ನಡುವಣ ತಡೆಯನ್ನು ತೆಗೆಸಿದಾಗ ಜಗಳ ಮದರಾಸಿನ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ದೇವರು ಕಾಣಲಿ, ಪಕ್ಕದವನು ಕಾಣದಿರಲಿ ಎಂಬ ಮನುಷ್ಯನ ಹಳೆಯ ಆಸೆಯನ್ನು ಕಲ್ಲು ಗಾರೆಗಳಲ್ಲಿ ಇಷ್ಟು ಚೆನ್ನಾಗಿ ಕಡೆದ ಕಟ್ಟಡ ಇನ್ನೊಂದಿದೆಯೋ ಇಲ್ಲವೋ. ಆ ಕಾಲಕ್ಕೆ ಮುಂಚೆಯೇ, 1833ರಲ್ಲಿ, ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ತನ್ನ ಸಭೆಗಳಲ್ಲಿ ಜಾತಿ ಕೂಡದೆಂದು ಆಜ್ಞಾಪತ್ರ ಹೊರಡಿಸಿದ್ದ. ಮರುವರ್ಷ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೂ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದರು. ಮತಕ್ಕೆ ಸೇರಿ ಕುಲವನ್ನೂ ಕಸುಬನ್ನೂ ಕಳೆದುಕೊಂಡವರಿಗಾಗಿ ಅವರು ನೇಯ್ಗೆಯನ್ನೂ ಹೆಂಚಿನ ಕಾರ್ಖಾನೆಯನ್ನೂ ತೆರೆಯಬೇಕಾಯಿತು. ಆಜ್ಞೆಗಳು ಬಂದವು, ಜಾತಿ ಹೋಗಲಿಲ್ಲ. ಸತ್ತ ಮೇಲೂ ಬೇರೆ ಬೇರೆ ನೆಲದಲ್ಲಿ ಹೂಳುವ ಕ್ರೈಸ್ತರ ಊರುಗಳು ತಮಿಳುನಾಡಿನಲ್ಲಿ ಇಂದಿಗೂ ಉಂಟು.

ಇದು ಸೋಲಿನ ಕಥೆ. ಯಾಕೋಬನ ಮಾತನ್ನು ಅಕ್ಷರಶಃ ಹಿಡಿದು ಬದುಕಲು ಹೊರಟ ಜನರೂ ಇದ್ದರು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬಾತನ ಸುತ್ತ ಸೇರಿದ ಕ್ವೇಕರ್ ಪಂಗಡದವರು ಅಂಥವರು. ಅವರಿಗೆ ಪಾದ್ರಿಯಿಲ್ಲ, ಬಲಿಪೀಠವಿಲ್ಲ, ಜ್ಞಾನಸ್ನಾನದ ನೀರಿಲ್ಲ, ರೊಟ್ಟಿ ದ್ರಾಕ್ಷಾರಸಗಳಿಲ್ಲ. ಒಂದು ಬರಿಯ ಕೋಣೆಯಲ್ಲಿ ಮೌನವಾಗಿ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಪ್ರೇರಣೆಯಾದರೆ ಎದ್ದು ನಾಲ್ಕು ಮಾತಾಡುತ್ತಾರೆ. ವಿಧಿಗಳನ್ನೆಲ್ಲ ಇಷ್ಟು ಸವರಿಹಾಕಿದ ಮೇಲೆ ಆರಾಧನೆ ಎಲ್ಲಿಗೆ ಹೋಗಬೇಕು? ಅದು ಬೀದಿಗೆ ಬಂತು, ಅಂಗಡಿಗೆ ಬಂತು, ಸರ್ವನಾಮಕ್ಕೂ ಬಂತು.

ಆ ಕಾಲದ ಇಂಗ್ಲಿಷಿನಲ್ಲಿ ನಮ್ಮಂತೆಯೇ ನೀನು, ನೀವು ಎಂಬ ಭೇದವಿತ್ತು. ದೊಡ್ಡವರಿಗೆ ಬಹುವಚನ, ಆಳುಕಾಳುಗಳಿಗೆ ಏಕವಚನ. ಕ್ವೇಕರರು ನ್ಯಾಯಾಧೀಶರನ್ನೂ ಪ್ರಭುಗಳನ್ನೂ ಏಕವಚನದಲ್ಲಿಯೇ ಮಾತಾಡಿಸಿದರು. ಟೋಪಿ ತೆಗೆಯುವುದು ದೇವರ ಮುಂದೆ ಪ್ರಾರ್ಥಿಸುವಾಗ ಮಾತ್ರ. ಮನುಷ್ಯರ ಮುಂದೆ ತೆಗೆಯುವುದಿಲ್ಲವೆಂದರು. ಇಷ್ಟಕ್ಕೆ ಅವರಿಗೆ ಏಟು ಬಿದ್ದವು, ದಂಡ ಬಿತ್ತು, ಸೆರೆಯೂ ಆಯಿತು. ಅಂಗಡಿ ಇಟ್ಟವರು ಚೌಕಾಸಿಯನ್ನು ಬಿಟ್ಟು ಒಂದೇ ಬೆಲೆ ಹೇಳಿದರು. ಜಾಣನಿಗೊಂದು ದರ, ಪೆದ್ದನಿಗೊಂದು ದರ ಎಂಬುದು ಸುಳ್ಳಾಡಿದಂತೆ ಎಂಬ ಕಾರಣಕ್ಕಾಗಿ.

ಇಲ್ಲಿ ಕನ್ನಡದ ಸ್ಥಿತಿ ವಿಚಿತ್ರವಾಗಿದೆ. ತಾಯಿ, ಗೆಳೆಯ, ಮಕ್ಕಳ ಸಲಿಗೆಯನ್ನು ಬಿಟ್ಟರೆ ನಾವು ಏಕವಚನದಲ್ಲಿ ಮಾತಾಡಿಸುವುದು ಇಬ್ಬರನ್ನು: ದೇವರನ್ನು, ಕಸ ಗುಡಿಸುವವರನ್ನು. ವಚನಕಾರರಿಗೂ ದಾಸರಿಗೂ ದೇವರು ನೀನೇ; ಕನ್ನಡ ಬೈಬಲ್ಲಿನ ಪ್ರಾರ್ಥನೆಯಲ್ಲಿಯೂ ಆತ ನೀನೇ. ನಡುವೆ ಇರುವ ಗುಮಾಸ್ತ, ಅಮಲ್ದಾರ, ಪ್ರೊಫೆಸರ್ ಮೊದಲಾದ ನಾವೆಲ್ಲ ನೀವು. ಅತಿ ಮೇಲಿನವನಿಗೂ ಅತಿ ಕೆಳಗಿನವನೆಂದು ನಾವು ಎಣಿಸಿದವನಿಗೂ ಒಂದೇ ಸರ್ವನಾಮವೆಂದರೆ ಅದರಲ್ಲಿ ಯಾವುದೋ ತತ್ತ್ವ ಅಡಗಿದೆಯೆಂದು ಹೇಳಿ ವ್ಯಾಖ್ಯಾನ ಬರೆಯಬಹುದು. ಬರೆಯದಿರುವುದು ಲೇಸು. ಅರುವತ್ತು ವರ್ಷದ ಜಾಡಮಾಲಿಯನ್ನು ಹದಿನೆಂಟರ ವಿದ್ಯಾರ್ಥಿ ಏನೋ ಎಂದು ಕೂಗುವಾಗ ಅವನ ಮನಸ್ಸಿನಲ್ಲಿ ಅದ್ವೈತವಿರುವುದಿಲ್ಲ. ಕ್ವೇಕರರು ದೊಡ್ಡವರನ್ನು ಏಕವಚನಕ್ಕೆ ಇಳಿಸಿ ಸಮಾನತೆ ತಂದರು. ನಮ್ಮಲ್ಲಿ ಅದನ್ನು ಬಹುವಚನದ ಕಡೆಯಿಂದ ತರುವುದೇ ಸರಿಯೆಂದು ನನಗೆ ತೋರುತ್ತದೆ.

ಕ್ವೇಕರರಲ್ಲಿ ಜಾನ್ ವುಲ್ಮನ್ ಎಂಬಾತನೊಬ್ಬ. ಹುಟ್ಟಿದ್ದು 1720ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ದೊಡ್ಡ ಪಂಡಿತನಲ್ಲ. ಮೊದಲು ಅಂಗಡಿಯ ಗುಮಾಸ್ತ, ಆಮೇಲೆ ದರ್ಜಿ. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿನಲ್ಲಿ ಅಂಗಡಿಯ ಯಜಮಾನನು ತನ್ನ ಬಳಿಯಿದ್ದ ಒಬ್ಬ ನೀಗ್ರೋ ಹೆಂಗಸನ್ನು ಮಾರಿ, ಅದರ ಕ್ರಯಪತ್ರ ಬರೆಯಲು ಇವನಿಗೆ ಹೇಳಿದ. ಕೊಂಡುಕೊಳ್ಳುವವನೂ ಕ್ವೇಕರನೇ, ವಯಸ್ಸಾದವನು. ವುಲ್ಮನ್ ಬರೆದುಕೊಟ್ಟ, ಬರೆಯುತ್ತ ಮನಸ್ಸು ಕುದಿದು, ಮನುಷ್ಯರನ್ನು ಆಳಾಗಿ ಇಟ್ಟುಕೊಳ್ಳುವುದು ಕ್ರಿಸ್ತಧರ್ಮಕ್ಕೆ ಸಲ್ಲದೆಂದು ಇಬ್ಬರ ಎದುರಿಗೂ ಹೇಳಿದ. ಇನ್ನೊಮ್ಮೆ ನೆರೆಯವನೊಬ್ಬ ಬಿದ್ದು ಪೆಟ್ಟಾಗಿ ಮಲಗಿದ್ದಾಗ ಮರಣಶಾಸನ ಬರೆಯಲು ಇವನನ್ನು ಕೇಳಿಕೊಂಡ. ಆಸ್ತಿಯ ವಿಷಯವನ್ನೆಲ್ಲ ವುಲ್ಮನ್ ಬರೆದ. ಮನೆಯಲ್ಲಿದ್ದ ಗುಲಾಮ ಹುಡುಗಿಯನ್ನು ಯಾರಿಗೆ ಬಿಟ್ಟಿದೆ ಎಂಬ ಭಾಗ ಮಾತ್ರ ಬರೆಯಲಿಲ್ಲ. ಬರಹಕ್ಕೆ ಕೂಲಿ ತೆಗೆದುಕೊಳ್ಳದೆ, ಇಷ್ಟು ಮಾತ್ರ ನನ್ನಿಂದಾಗದು ಎಂದು ಮೆಲ್ಲಗೆ ಹೇಳಿದ. ಇಬ್ಬರೂ ಕುಳಿತು ಮಾತಾಡಿದರು. ಕೊನೆಗೆ ಆ ರೋಗಿ ಹುಡುಗಿಯನ್ನು ಬಿಡುಗಡೆ ಮಾಡಲು ಒಪ್ಪಿದ. ವುಲ್ಮನ್ ಶಾಸನವನ್ನು ಪೂರ್ತಿಮಾಡಿದ.

ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುವುದು 1757ರಲ್ಲಿ ಆತ ದಕ್ಷಿಣದ ಪ್ರಾಂತಗಳಲ್ಲಿ ಮಾಡಿದ ಪ್ರವಾಸ. ವರ್ಜೀನಿಯ, ಕ್ಯಾರೊಲಿನ ಕಡೆಯ ಕ್ವೇಕರರ ಮನೆಗಳಲ್ಲಿ ಇಳಿದುಕೊಳ್ಳಬೇಕು. ಆ ಮನೆಗಳಲ್ಲಿ ಅಡಿಗೆ ಮಾಡುವವರು, ಕುದುರೆಗೆ ಹುಲ್ಲು ಹಾಕುವವರು, ಹಾಸಿಗೆ ಹಾಸುವವರು ಎಲ್ಲರೂ ಗುಲಾಮರು. ಉಣ್ಣದೆ ಹೋದರೆ ಆತಿಥ್ಯಕ್ಕೆ ಅವಮಾನ. ಉಂಡರೆ ಕೂಲಿಯಿಲ್ಲದ ದುಡಿಮೆಯನ್ನು ಉಂಡಂತೆ. ಆತ ಮಾಡಿದ್ದೇನೆಂದರೆ, ಸಣ್ಣ ಬೆಳ್ಳಿ ನಾಣ್ಯಗಳನ್ನು ಜೊತೆಯಲ್ಲಿ ಒಯ್ದು, ಹೊರಡುವಾಗ ಆ ಕೆಲಸದವರಿಗೆ ತಾನೇ ಕೊಡುತ್ತಿದ್ದ, ಇಲ್ಲವೆ ಮನೆಯ ಯಜಮಾನನ ಕೈಗಿತ್ತು ಅವರಿಗೆ ತಲುಪಿಸಲು ಹೇಳುತ್ತಿದ್ದ. ಕೊಡುವವನಿಗೂ ಸಂಕೋಚ, ಪಡೆಯುವವನಿಗೂ ಸಂಕೋಚ. ಆ ಯಜಮಾನರ ಮುಖ ಹೇಗಾಗುತ್ತಿತ್ತೋ ನಾವು ಊಹಿಸಿಕೊಳ್ಳಬಹುದು. ಭಾಷಣಕ್ಕೆ ಎದುರು ಭಾಷಣ ಮಾಡಬಹುದು. ಊಟದ ಕೊನೆಯಲ್ಲಿ ಮೇಜಿನ ಮೇಲೆ ಇಟ್ಟ ನಾಲ್ಕು ಬೆಳ್ಳಿಯ ಕಾಸಿಗೆ ಉತ್ತರ ಹುಡುಕುವುದು ಕಷ್ಟ.

ಮರುವರ್ಷ ಫಿಲಡೆಲ್ಫಿಯದ ವಾರ್ಷಿಕ ಸಭೆ ಗುಲಾಮರನ್ನಿಟ್ಟುಕೊಂಡ ಸದಸ್ಯರ ಮನೆಮನೆಗೂ ಹೋಗಿ ಮಾತಾಡುವಂತೆ ನಾಲ್ಕಾರು ಮಂದಿಯನ್ನು ನೇಮಿಸಿತು, ವುಲ್ಮನ್ ಅವರಲ್ಲೊಬ್ಬ. 1776ರಲ್ಲಿ, ಆತ ತೀರಿಕೊಂಡ ನಾಲ್ಕು ವರ್ಷಕ್ಕೆ, ಗುಲಾಮರನ್ನು ಬಿಡಲೊಪ್ಪದವರಿಗೆ ಆ ಸಭೆಯಲ್ಲಿ ಸ್ಥಾನವಿಲ್ಲವೆಂದು ಗೊತ್ತಾಯಿತು. ಆತನ ವ್ರತಗಳು ಬೆಳೆಯುತ್ತ ಹೋದದ್ದೂ ನಿಜ. ಬಣ್ಣ ಹಾಕಿದ ಬಟ್ಟೆ ಬಿಟ್ಟ, ಗುಲಾಮರು ಬೆಳೆದ ಸಕ್ಕರೆ ಬಿಟ್ಟ. ಇಂಗ್ಲೆಂಡಿಗೆ ಹೋದಾಗ, ಗಾಡಿಗಳ ವೇಗಕ್ಕೆ ಕುದುರೆಗಳೂ ಸವಾರಿ ಹುಡುಗರೂ ನವೆಯುತ್ತಾರೆಂದು ಕೇಳಿ, ಊರಿಂದೂರಿಗೆ ನಡೆದೇ ಹೋದ. ಯಾರ್ಕ್ ಪಟ್ಟಣದಲ್ಲಿ ಸಿಡುಬು ತಗಲಿ 1772ರಲ್ಲಿ ಸತ್ತ. ಇಷ್ಟು ನಯವಾದ ಅಂತಃಕರಣವನ್ನು ಮನೆಯಲ್ಲಿಟ್ಟುಕೊಂಡು ಸಂಸಾರ ಮಾಡುವುದು ಸುಲಭವಲ್ಲ. ಆತನ ಹೆಂಡತಿ ಏನೆಂದುಕೊಂಡಳೋ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಇಲ್ಲಿಯವರೆಗೆ ಹೇಳಿದ್ದನ್ನು ಒಪ್ಪಿದವರೂ ಒಂದು ಆಕ್ಷೇಪವನ್ನು ಎತ್ತಬಹುದು. ನನಗೆ ಅದು ನಿಜವಾದ ಆಕ್ಷೇಪವೆನ್ನಿಸಿದೆ. ನೆರೆಯವನೊಡನೆ ನಡೆದುಕೊಳ್ಳುವ ರೀತಿಯೇ ದೇವರ ಪೂಜೆಯಾದರೆ, ಆ ನೆರೆಯವನ ಗತಿಯೇನು? ಅವನು ಬರಿಯ ಅಂಚೆಪೆಟ್ಟಿಗೆಯಾಗಲಿಲ್ಲವೆ? ಕಾಗದವನ್ನು ನಾನು ಹಾಕುವುದೇನೋ ಪೆಟ್ಟಿಗೆಗೇ. ಆದರೆ ಪೆಟ್ಟಿಗೆಗಾಗಿ ಯಾರೂ ಕಾಗದ ಬರೆಯುವುದಿಲ್ಲ. ಕಲ್ಕತ್ತೆಯ ಮದರ್ ತೆರೇಸಾ ಬಡವರನ್ನೂ ಸಾಯುತ್ತಿರುವವರನ್ನೂ ಕಂಡಾಗ ವೇಷ ಮರೆಸಿಕೊಂಡ ಕ್ರಿಸ್ತನನ್ನು ಕಂಡಂತೆ ಎಂಬ ಅರ್ಥದ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. 1952ರಲ್ಲಿ ಅವರು ತೆರೆದ ನಿರ್ಮಲ ಹೃದಯದಲ್ಲಿ ಬೀದಿಯಿಂದ ಎತ್ತಿ ತಂದವರ ಮೈ ಒರೆಸಿದ ಕೈಗಳ ಮುಂದೆ ವಾದ ಮಾಡಲು ನನ್ನಂಥವನಿಗೆ ಹಿಂಜರಿಕೆಯಾಗುತ್ತದೆ. ಆದರೂ ವೇಷ ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಾಯುತ್ತಿರುವ ಮುದುಕನು ಯಾರ ವೇಷವೂ ಅಲ್ಲ. ಅವನಿಗೊಂದು ಹೆಸರಿತ್ತು, ಊರಿತ್ತು, ಬಹುಶಃ ಒಂದೆರಡು ಕೆಟ್ಟ ಚಾಳಿಗಳೂ ಇದ್ದವು. ತನ್ನನ್ನು ತಾನಾಗಿಯೇ ಯಾರಾದರೂ ಒಮ್ಮೆ ನೋಡಲಿ ಎಂದು ಅವನು ಬಯಸಿದರೆ ತಪ್ಪೇ?

ವಿಚಿತ್ರವೆಂದರೆ, ಈ ಆಕ್ಷೇಪಕ್ಕೆ ಉತ್ತರ ವೇಷದ ಕಲ್ಪನೆ ಹುಟ್ಟಿದ ಕಥೆಯಲ್ಲಿಯೇ ಇದೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಅರಸನು ಜನರನ್ನು ಬಲಕ್ಕೂ ಎಡಕ್ಕೂ ಬೇರ್ಪಡಿಸುತ್ತಾನೆ. ಹಸಿದಾಗ, ಬಾಯಾರಿದಾಗ, ಪರದೇಶಿಯಾದಾಗ, ಬಟ್ಟೆಯಿಲ್ಲದಾಗ, ರೋಗ ಬಂದಾಗ, ಸೆರೆಯಲ್ಲಿದ್ದಾಗ ನೋಡಿಕೊಂಡವರು ಬಲಕ್ಕೆ, ನೋಡಿಕೊಳ್ಳದವರು ಎಡಕ್ಕೆ. ಪ್ರವಚನಕಾರರು ತೀರ್ಪನ್ನು ವರ್ಣಿಸುತ್ತಾರೆ. ಎರಡೂ ಗುಂಪಿನವರು ಕೇಳುವ ಪ್ರಶ್ನೆ ಒಂದೇ ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಅಂಥ ಸ್ಥಿತಿಯಲ್ಲಿ ನಿನ್ನನ್ನು ನಾವು ಕಂಡದ್ದು ಯಾವಾಗ ಎಂದು ಬಲಗಡೆಯವರೂ ಬೆರಗಾಗುತ್ತಾರೆ, ಎಡಗಡೆಯವರೂ ಬೆರಗಾಗುತ್ತಾರೆ. ಅರಸನನ್ನು ಇಬ್ಬರೂ ಗುರುತಿಸಿರಲಿಲ್ಲ. ಎಡಗಡೆಯವರ ಮಾತಿನ ಒಳಗೆ, ನೀನೆಂದು ಗೊತ್ತಿದ್ದರೆ ನಾವು ಕಡಮೆ ಮಾಡುತ್ತಿದ್ದೆವೇ ಎಂಬ ದನಿಯಿದೆ. ನಿಜವೇ, ಅರಸನೆಂದು ತಿಳಿದರೆ ಯಾರು ತಾನೆ ಉಪಚಾರ ಮಾಡುವುದಿಲ್ಲ? ಬಲಗಡೆಯವರು ಕಂಡದ್ದು ಹಸಿದವನೊಬ್ಬನನ್ನು. ರೊಟ್ಟಿ ಕೊಟ್ಟದ್ದು ಅವನಿಗೆ. ಕಥೆ ಅವರನ್ನು ದಯಾಳುಗಳೆಂದು ಕರೆಯುವುದಿಲ್ಲ, ನೀತಿವಂತರೆಂದು ಕರೆಯುತ್ತದೆ. ಹಸಿದವನಿಗೆ ರೊಟ್ಟಿ ಕೊಡುವುದು ಅವನ ಪಾಲನ್ನು ಅವನಿಗೆ ಸಲ್ಲಿಸಿದಂತೆ, ಅಷ್ಟೆ.

ಅಲ್ಲಿಗೆ ಮುಗಿಯಿತೆನ್ನಲಾಗದು. ಬಲಗಡೆಯವರಿಗೆ ಗೊತ್ತಿರಲಿಲ್ಲ, ಸರಿ. ಆದರೆ ಈ ಕಥೆಯನ್ನು ಓದಿದ ಮೇಲೆ ನಮಗೆ ಗೊತ್ತಾಗಿಹೋಯಿತಲ್ಲ! ಇನ್ನು ಮೇಲೆ ಬಾಗಿಲಿಗೆ ಬಂದ ಹಸಿದವನನ್ನು ನೋಡುವಾಗ ಹಿಂದೆ ಅರಸನಿದ್ದಾನೆಂಬ ಸುದ್ದಿ ನಮ್ಮ ಕಿವಿಯಲ್ಲಿರುತ್ತದೆ. ತಿಳಿಯದೆ ಮಾಡಿದ್ದೇ ಪೂಜೆ ಎಂದು ಕಲಿಸಿದ ಕಥೆ, ಹಾಗೆ ತಿಳಿಯದೆ ಮಾಡುವ ದಾರಿಯನ್ನು ನಮಗೆ ಮುಚ್ಚಿಬಿಟ್ಟಿತು.

ಫ್ರಾನ್ಸಿನ ಸಿಮೋನ್ ವೇಯ್ ಈ ತೊಡಕನ್ನು ಕಂಡವಳು. ತತ್ತ್ವಶಾಸ್ತ್ರದ ಅಧ್ಯಾಪಕಿ, ಕೆಲಸ ಬಿಟ್ಟು ಕಾರ್ಖಾನೆಯಲ್ಲಿ ಕೂಲಿಯಾಗಿ ದುಡಿದವಳು. ಕ್ರಿಸ್ತನನ್ನು ನಂಬಿಯೂ ಜೀವಮಾನವೆಲ್ಲ ಇಗರ್ಜಿಯ ಹೊಸ್ತಿಲಿನ ಈಚೆಗೇ ನಿಂತು, 1943ರಲ್ಲಿ, 34ರ ವಯಸ್ಸಿನಲ್ಲಿ ತೀರಿಕೊಂಡಳು. ನೊಂದವರನ್ನು ಒಳ್ಳೆಯದು ಮಾಡಲು ಸಿಕ್ಕಿದ ಒಂದು ಅವಕಾಶವೆಂದು ಮಾತ್ರ ಕಂಡರೆ, ದೇವರ ಹೆಸರನ್ನು ಎಷ್ಟು ಕರೆದರೂ ಆತ ಅಲ್ಲಿರುವುದಿಲ್ಲ ಎಂಬುದು ಆಕೆಯ ಅಭಿಪ್ರಾಯ. ಬೇಕಾದದ್ದು ಅವಧಾನ: ಎದುರಿಗಿರುವವನಿಗೆ ಏನು ನೋವಾಗಿದೆ ಎಂಬ ಕಡೆಗೆ ಪೂರ್ತಿ ತಿರುಗಿದ ಮನಸ್ಸು. ಹಾಗೆ ತಿರುಗಿದ ಮನಸ್ಸಿನಲ್ಲಿ ಆ ಗಳಿಗೆಗೆ ಬೇರೆ ಯಾರಿಗೂ, ದೇವರಿಗೆ ಕೂಡ, ಜಾಗವಿರುವುದಿಲ್ಲ. ಜ್ವರದ ಮಗುವಿನ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತ ತಾಯಿ ನಾನು ಧರ್ಮ ಮಾಡುತ್ತಿದ್ದೇನೆಂದು ನೆನೆಯುವುದುಂಟೆ? ಅವಳಿಗೆ ನೆನಪಿರುವುದು ಒದ್ದೆಬಟ್ಟೆ, ಮಗುವಿನ ಉಸಿರು.

ಹಾಗಾದರೆ ದೇವರನ್ನು ನೆನೆಯುವುದು ಎಲ್ಲಿ? ಹಿಂದೆ ಬಿಟ್ಟ ಮಾತಿಗೆ ಈಗ ಬರಬಹುದು. ಬಲಿಪೀಠದ ಮುಂದೆ ನಿಂತವನಿಗೆ ಸೋದರನು ನೆನಪಾದ. ನಾನು ತಿಳಿದಂತೆ, ಕ್ರೈಸ್ತ ಆರಾಧನೆಯಲ್ಲಿ ಒಂದು ಕೊಡುಕೊಳ್ಳುವಿಕೆಯಿದೆ: ದೇವರ ಮುಂದೆ ನೆರೆಯವನನ್ನು ನೆನೆಯಬೇಕು, ನೆರೆಯವನ ಮುಂದೆ ದೇವರನ್ನು ಮರೆತರೂ ಆದೀತು. ನಾವು ಸಾಧಾರಣವಾಗಿ ಮಾಡುವುದು ಇದಕ್ಕೆ ತಿರುವುಮುರುವು. ದೇವರ ಮುಂದೆ ನಮ್ಮನ್ನೇ ನೆನೆಯುತ್ತೇವೆ. ಭಿಕ್ಷುಕನ ಮುಂದೆ ದೇವರನ್ನು ನೆನೆದು, ಪುಣ್ಯದ ಲೆಕ್ಕ ಹಾಕುತ್ತೇವೆ. ಇಗರ್ಜಿಯನ್ನು ಬಿಟ್ಟು ಬರಿಯ ಸಮಾಜಸೇವೆ ಸಾಲದೇ ಎನ್ನುವವರಿಗೂ ಉತ್ತರ ಇದರಲ್ಲಿಯೇ ಇದೆಯೆಂದು ತೋರುತ್ತದೆ. ನೆನಪು ಮಾಡಿಕೊಡುವ ಸ್ಥಳವೇ ಇಲ್ಲದವನು, ತನ್ನ ಮೇಲೆ ಯಾರ ದೂರಿದೆ ಎಂಬುದನ್ನು ಯಾವಾಗ ಕೇಳಿಕೊಂಡಾನು? ವುಲ್ಮನ್ನನ ಬೆಳ್ಳಿಯ ಕಾಸಿನ ಹಿಂದೆ ಮೌನದಲ್ಲಿ ಕಳೆದ ಎಷ್ಟೋ ಗಂಟೆಗಳಿದ್ದವು.

ನ್ಯೂಯಾರ್ಕಿನ ಡೊರತಿ ಡೇ ಎಂಬಾಕೆ 1933ರಲ್ಲಿ ಒಂದು ಪತ್ರಿಕೆಯನ್ನೂ ಅದರ ಬೆನ್ನಿಗೆ ದಿಕ್ಕಿಲ್ಲದವರಿಗೆ ಊಟ, ವಸತಿ ಕೊಡುವ ಮನೆಗಳನ್ನೂ ಆರಂಭಿಸಿದಳು. ಆಕೆಯ ಜೊತೆ ದುಡಿದವರು ಒಂದು ಪ್ರಸಂಗ ಹೇಳುತ್ತಾರೆ. ಯಾರೋ ಅನುಕೂಲಸ್ಥೆ ಒಂದು ವಜ್ರದುಂಗುರವನ್ನು ದಾನವಾಗಿ ಕೊಟ್ಟುಹೋದಳು. ಆಮೇಲೆ, ದಿನವೂ ಊಟಕ್ಕೆ ಬಂದು ಎಲ್ಲರನ್ನೂ ಗೋಳುಹೊಯ್ದುಕೊಳ್ಳುತ್ತಿದ್ದ ಒಬ್ಬ ಮುದುಕಿ ಬಂದಾಗ ಡೇ ಆ ಉಂಗುರವನ್ನು ಅವಳಿಗೆ ಕೊಟ್ಟುಬಿಟ್ಟಳು. ಮಾರಿದ್ದರೆ ಮುದುಕಿಯ ಒಂದು ವರ್ಷದ ಬಾಡಿಗೆಯಾಗುತ್ತಿತ್ತಲ್ಲ ಎಂದು ಜೊತೆಯವರೊಬ್ಬರು ಕೇಳಿದರು. ಮಾರುವುದಾದರೆ ಅವಳೇ ಮಾರಲಿ, ಬೆರಳಿಗೆ ಹಾಕಿಕೊಳ್ಳುವುದಾದರೆ ಹಾಕಿಕೊಳ್ಳಲಿ. ದೇವರು ವಜ್ರವನ್ನು ಸಿರಿವಂತರಿಗೆಂದೇ ಮಾಡಿದನೇನು ಎಂಬರ್ಥ ಬರುವಂತೆ ಆಕೆ ಉತ್ತರಿಸಿದಳಂತೆ. ಯಾಕೋಬನ ಸಭೆಯಲ್ಲಿ ಉಂಗುರವಿದ್ದವನಿಗೆ ಆಸನ ಸಿಕ್ಕಿತ್ತು. ಇಲ್ಲಿ ಉಂಗುರವೇ ಎದ್ದು ಕೊಳೆಬಟ್ಟೆಯವಳ ಬಳಿಗೆ ಹೋಯಿತು. ಲೆಕ್ಕ ಬಲ್ಲವರು ಇದನ್ನು ಒಪ್ಪಲಾರರು. ಆದರೆ ಬಡವಳೂ ಒಂದು ಹೊಳೆಯುವ ವಸ್ತುವನ್ನು ಬಯಸಬಹುದೆಂದು ಊಹಿಸಿದವಳು ಅವಳನ್ನು ಅಂಚೆಪೆಟ್ಟಿಗೆಯೆಂದು ಕಂಡಿರಲಿಲ್ಲ ಎಂಬುದಂತೂ ಸ್ಪಷ್ಟ.

ಇನ್ನೊಂದು ವಿಷಯ ಉಳಿದಿದೆ. ನಮ್ಮಲ್ಲಿ ಪಾದಪೂಜೆಯುಂಟು, ಶಿಷ್ಯನು ಗುರುವಿನ ಪಾದ ತೊಳೆಯುತ್ತಾನೆ. ಯೇಸು ತನ್ನ ಕೊನೆಯ ರಾತ್ರಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ತಂದು, ಶಿಷ್ಯರ ಪಾದಗಳನ್ನು ತೊಳೆದ. ಪಾಂಡವರ ರಾಜಸೂಯದಲ್ಲಿ ಬ್ರಾಹ್ಮಣರ ಕಾಲು ತೊಳೆಯುವ ಕೆಲಸವನ್ನು ಕೃಷ್ಣ ತಾನೇ ವಹಿಸಿಕೊಂಡನೆಂಬುದನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಲ್ಲ. ಆದರೆ ಅಲ್ಲಿ ತೊಳೆಸಿಕೊಂಡವರು ಪೂಜ್ಯರು. ಇಲ್ಲಿ ದಾರಿಯ ಧೂಳು ಮೆತ್ತಿದ ಬೆಸ್ತರು. ಪೇತ್ರನು ಕಾಲನ್ನು ಹಿಂದಕ್ಕೆಳೆದುಕೊಂಡ, ಒಪ್ಪಲಿಲ್ಲ. ಗುರು ಹೇಳಿದ ಮೇಲೆ ಒಪ್ಪಿದ.

ಕೊನೆಯ ಆ ಭೋಜನದ ವಿಷಯದಲ್ಲಿ ಮತ್ತಾಯ, ಮಾರ್ಕ, ಲೂಕ ಮೂವರೂ ರೊಟ್ಟಿಯನ್ನೂ ದ್ರಾಕ್ಷಾರಸದ ಬಟ್ಟಲನ್ನೂ ವರ್ಣಿಸುತ್ತಾರೆ. ಕ್ರೈಸ್ತರ ಮುಖ್ಯ ಆರಾಧನೆಗೆ ಅದೇ ಮೂಲ. ಯೋಹಾನನ ಸುವಾರ್ತೆಯಲ್ಲಿ ಆ ರಾತ್ರಿಯ ವರ್ಣನೆ ಇದೆ, ರೊಟ್ಟಿ ಬಟ್ಟಲುಗಳ ವಿಧಿ ಇಲ್ಲ. ಅದು ಇರಬೇಕಾದ ಜಾಗದಲ್ಲಿ ಪಾದ ತೊಳೆದ ಸಂಗತಿ ಇದೆ. ಒಂದನ್ನು ಇಗರ್ಜಿಗಳು ವಾರವಾರವೂ, ಕೆಲವೆಡೆ ದಿನದಿನವೂ ಆಚರಿಸಿದವು. ಇನ್ನೊಂದನ್ನು ಹೆಚ್ಚಿನವರು ವರ್ಷಕ್ಕೊಮ್ಮೆ, ಪವಿತ್ರ ಗುರುವಾರದಂದು, ಮೊದಲೇ ಆರಿಸಿ ಕೂರಿಸಿದ ಹನ್ನೆರಡು ಮಂದಿಯ ಶುಭ್ರವಾದ ಕಾಲುಗಳಿಗೆ ಮೀಸಲಾಗಿಟ್ಟರು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ, ಹೆಣ್ಣುಮಕ್ಕಳನ್ನೂ ಮುಸ್ಲಿಮರನ್ನೂ ಸೇರಿಸಿಕೊಂಡು ಹನ್ನೆರಡು ಮಂದಿಯ ಕಾಲು ತೊಳೆದಾಗ ಅದು ಜಗತ್ತಿಗೆಲ್ಲ ದೊಡ್ಡ ಸುದ್ದಿಯಾಯಿತು. ಸುದ್ದಿಯಾದದ್ದೇ ಸೋಜಿಗ.

ಯೋಹಾನನು ಹೇಳುವ ಕ್ರಮವನ್ನು ನೋಡಿದರೆ, ಕಾಲು ತೊಳೆಯುವಾಗ ಯೂದನು ಇನ್ನೂ ಎದ್ದು ಹೋಗಿರಲಿಲ್ಲ. ಹಣಕ್ಕೆ ಗುರುವನ್ನು ಹಿಡಿದುಕೊಡಲಿದ್ದವನು ಆತ. ಗುರುವಿಗೂ ಅದು ಗೊತ್ತಿತ್ತು. ಆತ ಹೊರಗೆ ಕತ್ತಲಿಗೆ ಹೋದದ್ದು ಊಟದ ನಡುವೆ. ಹನ್ನೆರಡು ಜೊತೆ ಕಾಲುಗಳಲ್ಲಿ ಆತನ ಕಾಲುಗಳೂ ಇದ್ದವು. ಅವನ್ನು ಅವಸರದಲ್ಲಿ ತೊಳೆದನೆಂದಾಗಲಿ, ಕೊನೆಗೆ ತೊಳೆದನೆಂದಾಗಲಿ, ಒರೆಸದೆ ಬಿಟ್ಟನೆಂದಾಗಲಿ ಸುವಾರ್ತೆಯಲ್ಲಿ ಎಲ್ಲಿಯೂ ಬರೆದಿಲ್ಲ.